ಚಾರ್ಟರ್ ಶಾಲೆ ಬಾಗಿಲು ತೆಗೀತಿದೆ, ಮಗಳನ್ನ ಕಳಿಸಲಾ ಬೇಡ್ವಾ? ಅನುಭವ ಇದ್ದವರು ಹೇಳಿ

ಸ್ಯಾನ್ ಹೋಸೆ ಸೊಸೆ (ಸೋಮವಾರ, ಮಾರ್ಚ್ 22, 2021)

ಎಲ್ಲರಿಗೂ ನಮಸ್ಕಾರ. ಮಗಳು ಎರಡನೇ ಕ್ಲಾಸು, ಚಾರ್ಟರ್ ಶಾಲೆ (ಸರ್ಕಾರದ ದುಡ್ಡು, ಆಡಳಿತ ಮಾತ್ರ ಬೇರೆ). ಕ್ಯಾಲಿಫೋರ್ನಿಯಾದ ನಮ್ಮ ಸಾಂತಾ ಕ್ಲಾರಾ ಕೌಂಟಿ ಈ ತಿಂಗಳ 3ಕ್ಕೆ ರಾಜ್ಯದ ಕೋವಿಡ್ ಬಣ್ಣದ ಪಟ್ಟಿಯಲ್ಲಿ ಅತಿ ಬಿಗಿಯಾದ ಪರ್ಪಲ್‌ನಿಂದ ರೆಡ್‌ಗೆ ಬಂತಲ್ಲ, ಮುಂದಿನ ವಾರವೇ ಶಾಲೆಯಿಂದ ಫಾರ್ಮ್ ಬಂತು. ಏಪ್ರಿಲ್‌ನಿಂದ ಹೈಬ್ರಿಡ್. ಒಂದು ಗುಂಪು ಸೋಮವಾರ ಮಂಗಳವಾರ, ಇನ್ನೊಂದು ಗುರುವಾರ ಶುಕ್ರವಾರ. ಬುಧವಾರ ಎಲ್ಲರೂ ಮನೆಯಿಂದ. ಬೇಡ ಅಂದರೆ ಜೂನ್‌ವರೆಗೆ ಜೂಮ್, ಆದರೆ ಟೀಚರ್ ಬದಲಾಗಬಹುದು ಅಂತ ಕೆಳಗೆ ಸಣ್ಣಕ್ಷರದಲ್ಲಿದೆ. ಮನೆಯಲ್ಲಿ ಅತ್ತೆ ಮಾವ ಇದ್ದಾರೆ. ಮೊದಲ ಡೋಸ್ ಆಗಿದೆ, ಎರಡನೆಯದು ಏಪ್ರಿಲ್ 9ಕ್ಕೆ. ಶುಕ್ರವಾರ ಸಂಜೆ 5ಕ್ಕೆ ಫಾರ್ಮ್ ಕೊನೆ. ನೀವೆಲ್ಲ ಏನು ಮಾಡಿದ್ರಿ?

ಕಾಫಿಪುಡಿ

ನಾನು ಚಾರ್ಟರ್ ಸೀಟು ಬಿಟ್ಟವಳು. ಮೂರು ವರ್ಷ ಲಾಟರಿಯಲ್ಲಿ ಹೆಸರು ಹಾಕಿ ಹಾಕಿ ಸಿಕ್ಕಿದ ಸೀಟು. ಕಳೆದ ಜುಲೈ 17ಕ್ಕೆ ಗವರ್ನರ್ ನ್ಯೂಸಮ್, ಕೋವಿಡ್ ಜಾಸ್ತಿ ಇದ್ದು ವಾಚ್ ಲಿಸ್ಟ್‌ನಲ್ಲಿರೋ ಕೌಂಟಿಗಳಲ್ಲಿ ಶಾಲೆ ತೆರೆಯೋ ಹಾಗಿಲ್ಲ ಅಂದ್ರಲ್ಲ, ಅವತ್ತು ರಾತ್ರಿಯೇ ಬೇರೆ ಶಾಲೆ ಹುಡುಕೋಕೆ ಕೂತೆ. ಆಗ ಆರನೇ ಕ್ಲಾಸಿನವರೆಗೆ ವೇವರ್ (ವಿಶೇಷ ಅನುಮತಿ) ತಗೊಂಡು ತೆರೆಯಬಹುದಿತ್ತು. ಹತ್ತಿರದ ಒಂದು ಖಾಸಗಿ ಶಾಲೆಗೆ ವೇವರ್ ಸಿಕ್ತು. ಅಕ್ಟೋಬರ್‌ನಲ್ಲಿ ಮಗನ್ನ ಸೇರಿಸಿದೆ.

ಲೆಕ್ಕ ಕೇಳಿ. ತಿಂಗಳಿಗೆ 1,950 ಡಾಲರ್, ಮೇವರೆಗೆ ಎಂಟು ತಿಂಗಳು, 15,600. ಸೇರ್ಪಡೆ ಫೀಸು 500. ಪುಸ್ತಕ, ಪ್ಲಾಸ್ಟಿಕ್ ಅಡ್ಡಗೋಡೆ, ಮಣ್ಣು ಮಸಿ ಅಂತ 320. ಒಟ್ಟು 16,420. ಮಧ್ಯೆ ಎರಡು ಸಲ ಕ್ವಾರಂಟೈನ್ ಅಂತ ಕ್ಲಾಸು ಹದಿನಾಲ್ಕು ಹದಿನಾಲ್ಕು ದಿನ ಮುಚ್ಚಿದರು. ಆ ಇಪ್ಪತ್ತೆಂಟು ದಿನ ಅವನು ನೋಡಿದ್ದು ಅದೇ ಜೂಮ್. ಫೀಸಲ್ಲಿ ಒಂದು ಪೈಸೆ ವಾಪಸ್ ಬರಲಿಲ್ಲ. ಈಗ ಚಾರ್ಟರ್‌ಗೆ ವಾಪಸ್ ಹೋಗೋಣ ಅಂದರೆ ವೇಟ್‌ಲಿಸ್ಟ್‌ನಲ್ಲಿ 41ನೇ ನಂಬರ್.

ಆದರೂ ನನಗೆ ಪಶ್ಚಾತ್ತಾಪ ಇಲ್ಲ. ಮಗ ಐದು ತಿಂಗಳು ಮನುಷ್ಯರ ಮುಖ ನೋಡಿದ್ದಾನೆ.

ನೇರಮಾತು

ಮಾಸ್ಕ್ ಹಾಕಿದ ಮುಖ ತಾನೇ?

ಕಾಫಿಪುಡಿ

ನಿಮ್ಮ ಮಕ್ಕಳು ಅದನ್ನೂ ನೋಡಿಲ್ವಲ್ಲ ಸರ್.

ಟೀಚರಮ್ಮನ ಗಂಡ

ನನ್ನ ಹೆಂಡತಿ ಚಾರ್ಟರ್ ಶಾಲೆಯಲ್ಲೇ ನಾಲ್ಕನೇ ಕ್ಲಾಸಿಗೆ ಪಾಠ ಮಾಡ್ತಾಳೆ. ನಿಮ್ಮದಲ್ಲ, ಬೇರೆ ಶಾಲೆ. ಅಲ್ಲಿ ಹೈಬ್ರಿಡ್ ಶುರುವಾಗಿ ಎರಡು ವಾರ. ಹೈಬ್ರಿಡ್ ಅಂದರೆ ಏನು ಅಂತ ಫಾರ್ಮಿನಲ್ಲಿ ಬರೆಯಲ್ಲ, ನಾನು ಹೇಳ್ತೀನಿ. ಎದುರಿಗೆ 11 ಮಕ್ಕಳು, ಲ್ಯಾಪ್‌ಟಾಪಿನಲ್ಲಿ 14. ಮುಖಕ್ಕೆ ಮಾಸ್ಕು, ಕೊರಳಿಗೆ ಮೈಕು. ಕ್ಲಾಸಲ್ಲಿ ಕೂತ ಮಗು ಮಾತಾಡಿದ್ರೆ ಜೂಮಿನವರಿಗೆ ಕೇಳಲ್ಲ. ಜೂಮಿನವರು ಬಾಯಿ ಬಿಟ್ರೆ ಸ್ಪೀಕರ್ ಕಿರ್ ಅನ್ನುತ್ತೆ. ಅದಕ್ಕೇ ಪ್ರತಿ ಪ್ರಶ್ನೆನೂ ಅವಳೇ ಇನ್ನೊಂದು ಸಲ ಹೇಳಬೇಕು. ಮೊದಲ ದಿನ ಮಧ್ಯಾಹ್ನವೇ ಗಂಟಲು ಕಟ್ಟಿತ್ತು. ಕಳೆದ 19ಕ್ಕೆ ಕೇಂದ್ರದ ಆರೋಗ್ಯ ಸಂಸ್ಥೆ ಸಿಡಿಸಿ, ಕ್ಲಾಸಲ್ಲಿ ಮಕ್ಕಳ ಮಧ್ಯೆ ಆರಡಿ ಬೇಡ, ಮೂರಡಿ ಸಾಕು ಅಂತು. ಇವತ್ತು ಬೆಳಿಗ್ಗೆ ಹೋದರೆ ನೆಲದ ಟೇಪೆಲ್ಲ ಕಿತ್ತು ಹೊಸದಾಗಿ ಅಂಟಿಸ್ತಾ ಇದ್ದರಂತೆ.

ಈ ಅವಸರ ಯಾಕೆ ಗೊತ್ತಾ? ಮಾರ್ಚ್ 5ಕ್ಕೆ ಸಹಿ ಬಿದ್ದ ಎಬಿ 86 ಅನ್ನೋ ರಾಜ್ಯದ ಕಾನೂನು. ತೆರೆದ ಶಾಲೆಗಳಿಗೆ ಅಂತ 200 ಕೋಟಿ ಡಾಲರ್ ಇಟ್ಟಿದ್ದಾರೆ. ಏಪ್ರಿಲ್ 1 ದಾಟಿದರೆ ಪಾಠದ ದಿನಕ್ಕೆ 1 ಪರ್ಸೆಂಟ್ ಕಟ್. ಮೇ 15ರವರೆಗೂ ತೆರೆಯದಿದ್ರೆ ಸೊನ್ನೆ. ಮಕ್ಕಳ ಮೇಲೆ ಪ್ರೀತಿ ಉಕ್ಕಿ ಬಂದದ್ದು ಆ ದುಡ್ಡು ಕಂಡ ಮೇಲೆ. ಜಿಲ್ಲಾ ಶಾಲೆಯವರು (ಮಾಮೂಲಿ ಸರ್ಕಾರಿ ಶಾಲೆ) ಟೀಚರ್ ಯೂನಿಯನ್ ಜೊತೆ ಕೂತು ಮಾತಾಡಬೇಕು, ಅದಕ್ಕೆ ತಡ. ಇವಳ ಶಾಲೆಯಲ್ಲಿ ಯೂನಿಯನ್ ಇಲ್ಲ, ವರ್ಷ ವರ್ಷದ ಕಾಂಟ್ರಾಕ್ಟು. ಬಾ ಅಂದರೆ ಹೋಗಬೇಕು. ಲಸಿಕೆ ಆಯ್ತು ಅನ್ನೋದೊಂದೇ ಸಮಾಧಾನ.

ನೇರಮಾತು

ನಮ್ಮದು ಜಿಲ್ಲಾ ಶಾಲೆ. ಒಂದು ಮಾತು ಹೇಳಿದರೆ ಎಲ್ಲರಿಗೂ ಉರಿಯುತ್ತೆ, ಆದರೂ ಹೇಳ್ತೀನಿ. ಕಳೆದ ವರ್ಷ ಎಷ್ಟೋ ಚಾರ್ಟರ್ ಶಾಲೆಗಳು ಸಣ್ಣ ವ್ಯಾಪಾರಿಗಳಿಗೆ ಅಂತ ಇಟ್ಟಿದ್ದ ಪಿಪಿಪಿ ಸಾಲ ತಗೊಂಡವು. ರಾಜ್ಯದ ದುಡ್ಡೂ ಬೇಕು, ವ್ಯಾಪಾರಿಗಳ ದುಡ್ಡೂ ಬೇಕು. ಜಿಲ್ಲಾ ಶಾಲೆಗೆ ಅರ್ಜಿ ಹಾಕೋ ಹಾಗೇ ಇರಲಿಲ್ಲ. ಈಗ ‘ನಾವು ಮೊದಲು ತೆರೆದ್ವಿ’ ಅಂತ ಬ್ಯಾನರ್ ಕಟ್ಟಿಕೊಂಡಿದ್ದಾರೆ.

ಟೀಚರಮ್ಮನ ಗಂಡ

ಆ ಸಾಲ ಇಲ್ಲದಿದ್ದರೆ ನನ್ನ ಹೆಂಡತಿಗೆ ಸಂಬಳ ಎಲ್ಲಿಂದ ಬರ್ತಿತ್ತು ಸ್ವಾಮಿ? ಚಾರ್ಟರ್ ಕೂಡ ಪಬ್ಲಿಕ್ ಶಾಲೆಯೇ. ಫೀಸ್ ತಗೊಳ್ಳಲ್ಲ. ನಿಮ್ಮ ಜಿಲ್ಲೆಯವರ ಹಾಗೆ ಬಾಂಡ್ ಹಾಕಿ ಸಾಲ ಎತ್ತಿ ಕಟ್ಟಡ ಕಟ್ಟೋಕೆ ನಮಗಾಗಲ್ಲ. ಇವಳ ಶಾಲೆ ಇರೋದೇ ಜಿಲ್ಲೆಯವರು ಕೊಟ್ಟ ಆರು ಪೋರ್ಟಬಲ್ ಕೋಣೆಗಳಲ್ಲಿ. ಪ್ರಾಪ್ 39 ಅನ್ನೋ ರಾಜ್ಯದ ಕಾನೂನಿನ ಪ್ರಕಾರ ಕೊಡಲೇಬೇಕು, ಕೊಟ್ಟಿದ್ದಾರೆ. ಆದರೆ ಗೇಟಿನ ಬೀಗದ ಕೈ ಇವತ್ತಿಗೂ ಅವರ ಹತ್ತಿರ.

ಮಲೆನಾಡ್ ಗಿಡ್ಡ

ನಮ್ಮದು ಪಾಡ್ ಕಥೆ, ಅಂದರೆ ಕೆಲವು ಮನೆಯವರು ಸೇರಿ ಮಕ್ಕಳನ್ನ ಒಂದೇ ಕಡೆ ಕೂರಿಸೋದು. ನಾಲ್ಕು ಮನೆ, ನಾಲ್ಕು ಮಕ್ಕಳು, ಒಂದೇ ಚಾರ್ಟರ್ ಶಾಲೆ, ನಮ್ಮ ಗ್ಯಾರೇಜು. ಜೂಮ್ ನಡೆಯುವಾಗ ಪಕ್ಕದಲ್ಲಿ ಕೂತು ನೋಡಿಕೊಳ್ಳೋಕೆ ಒಬ್ಬಳು ಕಾಲೇಜು ಹುಡುಗಿ. ಗಂಟೆಗೆ 40 ಡಾಲರ್, ದಿನಕ್ಕೆ ನಾಲ್ಕು ಗಂಟೆ. ವಾರಕ್ಕೆ 800, ಮನೆಗೆ 200. ಆಗಸ್ಟ್ 17ಕ್ಕೆ ಶುರು. ಹಿಂದಿನ ದಿನವೇ ಮಳೆ ಇಲ್ಲದ ಸಿಡಿಲು ಬಿದ್ದು ಗುಡ್ಡಕ್ಕೆಲ್ಲ ಬೆಂಕಿ ಹತ್ತಿತ್ತು. ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದು ಗಾಳಿ ಆಡಿಸೋದು ನಮ್ಮ ಪ್ಲಾನು. ವೈರಸ್ಸಿಗೆ ಬಾಗಿಲು ತೆಗೀಬೇಕು, ಹೊಗೆಗೆ ಮುಚ್ಚಬೇಕು. ಕೊನೆಗೆ 229 ಡಾಲರಿನ ಎರಡು ಏರ್ ಫಿಲ್ಟರ್ ತಂದ್ವಿ. ನಾಲ್ಕು ಮನೆಯವರೂ ಹಂಚಿಕೊಂಡ್ವಿ.

ಸೆಪ್ಟೆಂಬರ್ 9 ನೆನಪಿದೆಯಲ್ಲ? ಬೆಳಿಗ್ಗೆ ಒಂಬತ್ತಾದರೂ ರಾತ್ರಿಯ ಹಾಗೆ, ಆಕಾಶ ಕಿತ್ತಳೆ. ಟೀಚರ್ ‘ಎಲ್ಲರೂ ಲೈಟ್ ಹಾಕಿಕೊಳ್ಳಿ’ ಅಂದರು. ಪರದೆ ಮೇಲೆ ಯಾವ ಚೌಕ ನೋಡಿದರೂ ಮಗುವಿನ ಹಿಂದಿನ ಕಿಟಕಿ ಒಂದೇ ಬಣ್ಣ. ನನ್ನ ಮಗ ನಗ್ತಾ ಇದ್ದ. ಆ ಹುಡುಗಿ ಅಳ್ತಾ ಇದ್ದಳು.

ಹಂಗೂ ಹಿಂಗೂ 13 ವಾರ ಓಡಿಸಿದ್ವಿ, 2,600 ಡಾಲರ್. ಆಮೇಲೆ ನವೆಂಬರ್ 14ರ ದೀಪಾವಳಿ. ಒಂದು ಮನೆಯವರು ಪಾರ್ಟಿ ಮಾಡಿದರು. ಯಾರಿಗೂ ಹೇಳಲಿಲ್ಲ. ಫೋಟೋ ಹಾಕಿದ್ದರಿಂದ ಗೊತ್ತಾಯ್ತು. ಎರಡು ದಿನ ಬಿಟ್ಟು ಕೌಂಟಿ ವಾಪಸ್ ಪರ್ಪಲ್. ಪಾಡ್ ಅಲ್ಲಿಗೆ ಮುಗೀತು.

ದಾವಣಗೆರೆ ಬೆಣ್ಣೆ

ಆ ‘ಒಂದು ಮನೆ’ ನಮ್ಮದು. ಹೆಸರಿಟ್ಟೇ ಬರೀಬಹುದಿತ್ತಲ್ಲ. ಪಾರ್ಟಿ ಅಂತೆ! ಹಿತ್ತಲಲ್ಲಿ ಒಂಬತ್ತು ಜನ, ದೂರ ದೂರ ಕುರ್ಚಿ, ಎಲ್ಲರಿಗೂ ಮಾಸ್ಕ್. ತಿನ್ನುವಾಗ ಮಾತ್ರ ತೆಗೆದದ್ದು. ಯಾರಿಗೂ ಏನೂ ಆಗಲಿಲ್ಲ. ನಿಮ್ಮ ಗ್ಯಾರೇಜಿಗೆ ಆ ಹುಡುಗಿ ದಿನಾ ಬಸ್ಸಲ್ಲಿ ಬರ್ತಿದ್ದಳು, ಅದನ್ನ ಯಾಕೆ ಬರೆಯಲಿಲ್ಲ?

ಮಲೆನಾಡ್ ಗಿಡ್ಡ

ಒಂಬತ್ತಲ್ಲ, ಹದಿಮೂರು. ಫೋಟೋದಲ್ಲಿ ಎಣಿಸಿದ್ದೀನಿ.

ದಾವಣಗೆರೆ ಬೆಣ್ಣೆ

ಅದರಲ್ಲಿ ನಾಲ್ಕು ಮಕ್ಕಳು!

ತಿಪಟೂರು ಕೊಬ್ಬರಿ

ನಾನು ಮಗಳನ್ನ ಪೂರ್ತಿ ಮನೆಯಲ್ಲೇ ಇಟ್ಟುಕೊಂಡೆ, ಹೆಮ್ಮೆಯಿಂದಲೇ ಹೇಳ್ತೀನಿ. ಅಪ್ಪ ಅಮ್ಮ 2020ರ ಫೆಬ್ರವರಿಯಲ್ಲಿ ಬಂದಿದ್ದರು. ಆರು ತಿಂಗಳ ವೀಸಾ, ವಿಮಾನ ನಿಂತುಹೋಯ್ತು. ಇನ್ನಷ್ಟು ದಿನ ಇರೋಕೆ ಅನುಮತಿ ಕೇಳೋ ಐ-539 ಅರ್ಜಿ ಹಾಕಿದೆ. ಅರ್ಜಿಗೆ 370, ಬೆರಳಚ್ಚಿಗೆ ತಲೆಗೆ 85. ಒಟ್ಟು 540 ಡಾಲರ್. ಅವರು ಊರಿಗೆ ಹೋಗೋವರೆಗೂ ಅದಕ್ಕೆ ಉತ್ತರ ಬರಲಿಲ್ಲ.

ರಾಜ್ಯದ ಕಾನೂನಿನ ಪ್ರಕಾರ 1ರಿಂದ 3ನೇ ಕ್ಲಾಸಿಗೆ ದಿನಕ್ಕೆ 230 ನಿಮಿಷ ಪಾಠ ಆಗಬೇಕು. ಅದರಲ್ಲಿ ಲೈವ್ ಎಷ್ಟು ನಿಮಿಷ ಅಂತ ಬರೆದಿಲ್ಲ. ನಮ್ಮ ಶಾಲೆಯದು ಲೈವ್ 90 ನಿಮಿಷ, ಉಳಿದ 140 ನಿಮಿಷ ನಮ್ಮಮ್ಮ. ಮಗ್ಗಿ ಹದಿನಾರರವರೆಗೆ ಬಾಯಿಪಾಠ. ಕಾಗುಣಿತ ಕಲಿತಳು. ಟೀಚರ್ ಒಂದು ಸಲ ಏಳೆಂಟಲೆ ಎಷ್ಟು ಅಂತ ಕೇಳಿದಾಗ ‘ಐವತ್ತಾರು’ ಅಂತ ಕನ್ನಡದಲ್ಲೇ ಹೇಳಿಬಿಟ್ಟಳು. ಜನವರಿಯಲ್ಲಿ ಬೆಂಗಳೂರಿಗೆ ನೇರ ವಿಮಾನ ಶುರುವಾದ ಮೇಲೆ ಅಪ್ಪ ಅಮ್ಮನ್ನ ಕಳಿಸಿದೆ. ಈಗ ಆ 140 ನಿಮಿಷಕ್ಕೆ ಯಾರೂ ಇಲ್ಲ, ಅದು ಬೇರೆ ಮಾತು.

ರಾತ್ರಿಪಾಳಿ

ಹೆಮ್ಮೆ ಅಂತೆ. ವಯಸ್ಸಾದ ತಾಯಿನ ಒಂದು ವರ್ಷ ಆಯಾ ಮಾಡ್ಕೊಂಡ್ರಿ, ಅಷ್ಟೇ.

ನಾನು ನರ್ಸ್. ಗಂಡ ದೂರದ ಊರಲ್ಲಿ ಕೆಲಸ. ‘ಕಳಿಸಲಾ ಬೇಡ್ವಾ’ ಅಂತ ಯೋಚನೆ ಮಾಡೋ ಭಾಗ್ಯ ನನಗಿರಲಿಲ್ಲ. ನಮ್ಮ ಚಾರ್ಟರ್‌ನಲ್ಲಿ ಸೆಪ್ಟೆಂಬರ್‌ನಿಂದಲೇ ನಮ್ಮಂಥವರ ಮಕ್ಕಳಿಗೆ ಅಂತ ಸಣ್ಣ ಗುಂಪು ಇತ್ತು. 14 ಮಕ್ಕಳು, ಇಬ್ಬರು ದೊಡ್ಡವರು, ಅದಕ್ಕಿಂತ ಜಾಸ್ತಿ ಇಲ್ಲ. ನೋಡಿದ್ರೆ ನಗು ಬರಬೇಕು. ಮಗ ಶಾಲೆಗೆ ಹೋಗಿ, ತನ್ನದೇ ಕ್ಲಾಸ್‌ರೂಮಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಮನೆಯಲ್ಲಿರೋ ಟೀಚರನ್ನ ಜೂಮ್‌ನಲ್ಲಿ ನೋಡ್ತಾನೆ. ಟೀಚರ್ ಕುರ್ಚಿ ಎದುರಿಗೇ ಖಾಲಿ. ಹತ್ತು ನಿಮಿಷ ತಡವಾಗಿ ಕರ್ಕೊಂಡು ಹೋಗೋಕೆ ಬಂದರೆ 15 ಡಾಲರ್ ದಂಡ. ಡಿಸೆಂಬರ್‌ನಲ್ಲಿ ಆಸ್ಪತ್ರೆ ತುಂಬಿದಾಗ ಏಳು ಸಲ ಕಟ್ಟಿದ್ದೀನಿ. ರಸೀದಿ ಎಲ್ಲ ಇಟ್ಟಿದ್ದೀನಿ, ಯಾಕೆ ಅಂತ ಗೊತ್ತಿಲ್ಲ.

ತಿಪಟೂರು ಕೊಬ್ಬರಿ

ನನ್ನ ತಾಯಿ ವಿಷಯ ಎತ್ತಬೇಡಿ. ಅವರು ಖುಷಿಯಿಂದ ಮಾಡಿದ್ದು. ವಿಮಾನ ಹತ್ತುವಾಗ ಮಗುವನ್ನ ಬಿಟ್ಟು ಹೋಗೋಕೆ ಅತ್ತಿದ್ದಾರೆ.

ರಾತ್ರಿಪಾಳಿ

ಅಳು ಮಗುವಿಗೋಸ್ಕರ ಅಂತ ಹೇಗೆ ಗೊತ್ತು? ಬಿಡಿ. ಮೂರು ರಾತ್ರಿ ನಿದ್ದೆ ಇಲ್ಲ, ಬಾಯಿ ಜೋರಾಯ್ತು.

ಕಾಫಿಪುಡಿ

ನರ್ಸಮ್ಮ, ನಿಮ್ಮ ಶಾಲೆ ಸಣ್ಣ ಗುಂಪಿಗೆ ಈಗ ಸೇರಿಸಿಕೊಳ್ತಾರಾ? ವೇಟ್‌ಲಿಸ್ಟ್ ಎಷ್ಟಿದೆ?

ನೇರಮಾತು

ಪಶ್ಚಾತ್ತಾಪ ಇಲ್ಲ ಅಂದವರು ಪದೇ ಪದೇ ವೇಟ್‌ಲಿಸ್ಟ್ ಕೇಳ್ತಾರೆ.

ಸ್ಯಾನ್ ಹೋಸೆ ಸೊಸೆ (ಶುಕ್ರವಾರ)

ಎಲ್ಲರಿಗೂ ಥ್ಯಾಂಕ್ಸ್. ಸಂಜೆ 4:50ಕ್ಕೆ ಫಾರ್ಮ್ ಕಳಿಸಿದೆ. ಗುರುವಾರ ಶುಕ್ರವಾರದ ಗುಂಪು ಕೇಳಿದ್ದೀನಿ. ಅತ್ತೆ ಮಾವನ ಎರಡನೇ ಡೋಸ್ ಆಗಿ ಎರಡು ವಾರ ಕಳೆಯೋವರೆಗೆ, ಅಂದರೆ ಏಪ್ರಿಲ್ 23ರವರೆಗೆ, ಜೂಮ್‌ನಲ್ಲೇ ಇರಬಹುದಾ ಅಂತ ಕೆಳಗಿನ ಜಾಗದಲ್ಲಿ ಬರೆದೆ. ಉತ್ತರ ಬಂದಿಲ್ಲ. ಮಗಳು ಆಗಲೇ ಬ್ಯಾಗ್ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಾಳೆ. ಒಂದು ವರ್ಷದಲ್ಲಿ ಬ್ಯಾಗಿನ ಪಟ್ಟಿ ಗಿಡ್ಡ ಆಗಿದೆ.

ಮಲೆನಾಡ್ ಗಿಡ್ಡ

ಮೇಡಂ, ಅಲ್ಲಿವರೆಗೆ ಅತ್ತೆ ಮಾವನ ರೂಮಿಗೆ ಏರ್ ಫಿಲ್ಟರ್ ಬೇಕಾ? ಎರಡಿದೆ, ಗ್ಯಾರೇಜಲ್ಲಿ ಸುಮ್ನೆ ಬಿದ್ದಿದೆ. ಒಂದಕ್ಕೆ 100 ಕೊಟ್ಟರೆ ಸಾಕು.

ದಾವಣಗೆರೆ ಬೆಣ್ಣೆ

ಮಾರೋ ಮುಂಚೆ ನಮ್ಮ ಪಾಲಿನ 114 ಡಾಲರ್ 50 ಸೆಂಟ್ ಕೊಡಿ.