2012ರ ಡೆಸ್ಕ್‌ಟಾಪು, ಕಿಸೇದಾಗ ನಾಲ್ಕು ಸಾವಿರ

ಹಂತಿಹಾಡು, ಶಹಾಪುರ:

ಎಲ್ಲಾರಿಗೂ ಶರಣ್ರಿ. ನಾ ರಿಟೈರ್ ಆದ ಸಾಲಿ ಮಾಸ್ತರ. ಮಗ ಡಿಪ್ಲೊಮಾ ಓದೋ ಮುಂದ 2012ರಾಗ ತಂದಿದ್ದ ಡೆಸ್ಕ್‌ಟಾಪ್ ಈಗ ನನ್ನ ಪಾಲಿಗಿ ಬಂದದ. ಐ3-2120, ಎಚ್61 ಬೋರ್ಡು, ರ‍್ಯಾಮ್ 2 ಜಿಬಿ, ಹಾರ್ಡ್ ಡಿಸ್ಕ್ 500 ಜಿಬಿ, ವಿಂಡೋಸ್ 7. ಇದೆಲ್ಲ ಮಗ ಫೋನಿನ್ಯಾಗ ಹೇಳಿ ಬರೆಸಿದ್ದು, ನನಗ ಅರ್ಥ ಆಗಿದ್ದಲ್ಲ.

ನನ್ನ ಕೆಲಸ ಒಂದೇ. ಊರೂರು ತಿರುಗಿ ಬರಕೊಂಡ ಹಂತಿ ಹಾಡು, ಬೀಸೋ ಕಲ್ಲಿನ ಹಾಡು ಎಂಟು ನೋಟ್‌ಬುಕ್ ಆಗ್ಯಾವ. ಅವನ್ನ ನುಡಿ ತಂತ್ರಾಂಶದಾಗ ಟೈಪ್ ಮಾಡ್ಲಕತ್ತೀನಿ. ಸ್ವಿಚ್ ಹಾಕಿ ಚಹಾ ಕುಡದು ಬಂದ್ರೂ ಚಕ್ರ ತಿರಗ್ತಾನೇ ಇರ್ತದ. ದಿನಾ ಮುಂಜಾನೆ ಕರಿ ಪರದಿ ಬಂದು ಎಫ್1 ಒತ್ತು ಅಂತದ. ತಾರೀಖು 2011ಕ್ಕ ಹೋಗಿ ಕುಂತಿರ್ತದ. ಇಂಟರ್‌ನೆಟ್ ತೆರದ್ರ ಸಂಪರ್ಕ ಸುರಕ್ಷಿತ ಇಲ್ಲ ಅಂತದ. ಮಧ್ಯಾಹ್ನ ಎರಡು ತಾಸು ಕುಂತ್ರ ತಾನಾಗೇ ಬಂದ್. ಹೋದ ವಾರ ಒಂದು ಹಾಡು ಅರ್ಧಕ್ಕೇ ಹಂಗ ಹೋತು. ಮುದುಕಿ ಹಾಡಿದ್ದು ನೋಟ್‌ಬುಕ್‌ನ್ಯಾಗ ಅದ, ಬಚಾವ್.

ರಿಪೇರಿಯವ್ರು "ಮದರ್‌ಬೋರ್ಡ್ ಹೋಗ್ಯದ, ಹೊಸಾದು ತಗೋರಿ, ಇಪ್ಪತ್ತೈದು ಸಾವಿರ" ಅಂದ್ರು. ನನ್ನ ಬಲ್ಲಿ ನಾಲ್ಕು ಸಾವಿರ ಅದ, ಅದಕ್ಕೂ ಮನ್ಯಾಗ ಲೆಕ್ಕ ಕೊಡಬೇಕು. ಏನ್ ಮಾಡ್ಲಿ?

ಬಿದರಿ ಹುಡುಗ, ಬೀದರ್:

ಸರ, ಅದೇ ಸಾಕೆಟ್‌ನ್ಯಾಗ ಐ5-2400 ಪ್ರೊಸೆಸರ್ ಕುಂದರ್ತದ. ಎರಡು ಕೋರ್ ಹೋಗಿ ನಾಲ್ಕು ಆಗ್ತಾವ. ಸಿಕಂದರಾಬಾದಿನ ಸಿಟಿಸಿ ಕಂಪ್ಯೂಟರ್ ಬಜಾರ್ ಕಡಿ ಯಾರರೇ ಹೊಂಟ್ರ ಹಳೇದು ತರಸ್ರಿ.

ತೊಗರಿಕಾಳು, ಕಲಬುರಗಿ:

ತಮ್ಮಾ, ಮಾಸ್ತರ್ರು ಹಾಡು ಟೈಪ್ ಮಾಡ್ತಾರ, ಗೇಮ್ ಆಡಲ್ಲ. ಐ5 ತಂದ್ರೂ ಆ ಚಕ್ರ ಹಂಗೇ ತಿರಗ್ತದ.

ಮಾಸ್ತರ್ರೇ, ಬೋರ್ಡ್ ಹೋಗಿದ್ರ ಅರ್ಧ ಹಾಡರೇ ಹ್ಯಾಂಗ ಟೈಪ್ ಆಗ್ತಿತ್ತು? ಮೊದಲ ಒಂದು ಸಿಆರ್2032 ಸೆಲ್ ತರ್ರಿ. ಬೋರ್ಡಿನ ಮ್ಯಾಲ ರೂಪಾಯಿ ಬಿಲ್ಲಿಯಂಗ ಕುಂತಿರ್ತದ, ವಾಚ್ ಅಂಗಡ್ಯಾಗೂ ಸಿಗ್ತದ. ಕರೆಂಟ್ ತೆಗದ್ರೂ ತಾರೀಖು ನೆನಪಿಡೋದು ಅದೇ. ಸೆಲ್ ಸತ್ತದ, ತಾರೀಖು ಹಿಂದಕ್ಕ ಹೋಗ್ಯದ. ಪ್ರತಿ ಸೈಟಿನ ಪ್ರಮಾಣಪತ್ರಕ್ಕೂ ಇಂಥಾ ದಿನದಿಂದ ಇಂಥಾ ದಿನದ ತನ ಅಂತ ಗಡುವು ಇರ್ತದ. 2011ರಾಗ ನಿಂತು ನೋಡಿದ್ರ ಅದು ಇನ್ನಾ ಹುಟ್ಟೇ ಇಲ್ಲ, ಅದಕ್ಕೇ ಸುರಕ್ಷಿತ ಇಲ್ಲ ಅಂತದ. ಇದಕ್ಕ ಇಪ್ಪತ್ತೈದು ಸಾವಿರ ಹೇಳ್ಯಾರ ಅಂದ್ರ ನಗಬೇಕೋ ಅಳಬೇಕೋ.

ಮಧ್ಯಾಹ್ನ ಬಂದ್ ಆಗೋದು ಕಾವಿಗಿ. ಡಬ್ಬಿ ನೆಲದ ಮ್ಯಾಲ ಇಟ್ಟೀರಿ, ಹೌದಲ್ರಿ? ಕಸ ಹೊಡದಾಗೆಲ್ಲ ಧೂಳು ಅದರೊಳಗೇ ಹೋಗ್ತದ. ಬ್ರಷ್ಷಿನಿಂದ ತೆಗೀರಿ. ಪ್ರೊಸೆಸರ್ ಮ್ಯಾಲಿನ ಫ್ಯಾನಿಗಿ ನಾಲ್ಕು ಮೂಲ್ಯಾಗ ನಾಲ್ಕು ಪ್ಲಾಸ್ಟಿಕ್ ಪಿನ್ ಅವ. ಒಂದು ಎದ್ದಿದ್ರೂ ಸಾಕು, ಫ್ಯಾನ್ ತಿರಗ್ತದ ಖರೇ, ಕಾವು ಮ್ಯಾಲ ಬರಲ್ಲ. ಫ್ಯಾನ್ ತೆಗದು, ಕಾವು ದಾಟಿಸೋ ಹಳೇ ಪೇಸ್ಟ್ ಒಣಗಿ ಸುಣ್ಣ ಆಗಿರ್ತದ, ಒರಸ್ರಿ. ಹೊಸ ಥರ್ಮಲ್ ಪೇಸ್ಟ್ ತೊಗರಿ ಕಾಳಿನಷ್ಟು ನಡುವ ಇಡ್ರಿ. ರೊಟ್ಟಿಗಿ ಬೆಣ್ಣಿ ಸವರಿದಂಗ ಮೆತ್ತಬ್ಯಾಡ್ರಿ. ಪಿನ್ ಎದುರಾಬದುರಾ ಒತ್ರಿ, ನಾಲ್ಕೂ ಕಟ್ ಅನ್ನಬೇಕು.

ಇನ್ನ ರೊಕ್ಕ ಎಲ್ಲಿ ಹಾಕಬೇಕಂದ್ರ, ತಿರಗೋ ಭಾಗ ಇಲ್ಲದ ಡಿಸ್ಕಿಗಿ, ಅಂದ್ರ ಎಸ್‌ಎಸ್‌ಡಿಗಿ. 240 ಜಿಬಿ ಸಾಟಾದ್ದು ಸಾಕು. ಎಚ್61ರಾಗ ಅದರ ಪೂರಾ ವೇಗ ಸಿಗಲ್ಲ, ಸಿಕ್ಕಷ್ಟೇ ನಿಮಗ ಭಾಳ ಆಗ್ತದ. ಈಗ ಹಾರ್ಡ್ ಡಿಸ್ಕಿನ ಮುಳ್ಳು ಒಂದೊಂದು ಚೂರಿಗೂ ಅಲ್ಲಿಂದಿಲ್ಲಿಗಿ ಓಡ್ಯಾಡಬೇಕು, ನೀವು ಎಂಟು ನೋಟ್‌ಬುಕ್ ತಿರುವಿ ಒಂದು ಸಾಲು ಹುಡಕಿದಂಗ. ಉಳದಿದ್ರಾಗ 4 ಜಿಬಿ ಡಿಡಿಆರ್3 ರ‍್ಯಾಮ್ ಹಳೇವು ಎರಡು. ಡಿಡಿಆರ್4 ತಂದ್ರ ಕಚ್ಚು ಬ್ಯಾರೆ ಕಡಿ ಇರ್ತದ, ಕುಂದರಲ್ಲ. ಲ್ಯಾಪ್‌ಟಾಪಿಂದು ಗಿಡ್ಡ.

ವಿಂಡೋಸ್ 7 ಬಿಟ್ಟುಬಿಡ್ರಿ. 2020ರ ಜನವರಿ 14ಕ್ಕೇ ಅದರ ಬೆಂಬಲ ಮುಗದದ, ಕ್ರೋಮ್ ಅದರ ಮ್ಯಾಲ 109ನೇ ಆವೃತ್ತಿಗೇ ನಿಂತದ. ವಿಂಡೋಸ್ 10ದೂ 2025ರ ಅಕ್ಟೋಬರ್ 14ಕ್ಕ ಮುಗೀತು. 11ಕ್ಕ ಇಂಟೆಲ್ 8ನೇ ತಲೆಮಾರು ಬೇಕು, ನಿಮ್ಮದು 2ನೇದು. ವಿಂಡೋಸ್ ಬದಲಿಗಿ ಲಿನಕ್ಸ್ ಮಿಂಟ್ ಹಾಕ್ರಿ, ಪುಕ್ಕಟೆ.

ಹಂತಿಹಾಡು:

ಲಿನಕ್ಸ್ ಅಂದ್ರ ನುಡಿ ಬರಲ್ಲ ಅಂತಾರಲ್ರಿ? ನನ್ನ ಬೆರಳಿಗಿ ಆ ಕೀಲಿಮಣಿ ಬಿಟ್ರ ಬ್ಯಾರೆ ಗೊತ್ತಿಲ್ಲ. ಟೈಪ್ ಮಾಡಿದ್ದು ಇನ್ನೂರು ಹಾಡು ಎಲ್ಲಿ ಹೋಗ್ಬೇಕು?

ತೊಗರಿಕಾಳು:

ಬೆರಳಿಗಿ ಏನೂ ಆಗಲ್ಲ. ಲಿನಕ್ಸಿನ್ಯಾಗ ಕೀಲಿಮಣಿ ಆರಿಸೋ ಐಬಸ್‌ನ್ಯಾಗ ಕನ್ನಡ ಕೆಜಿಪಿ ಅಂತ ಆರಿಸ್ರಿ, ಅದು ನುಡಿಯದೇ ಕೀಲಿ ವಿನ್ಯಾಸ. ಹಳೇ ಕಡತಷ್ಟೇ ತಕರಾರು. ಅವು ಯುನಿಕೋಡ್, ಅಂದ್ರ ಎಲ್ಲಾ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ, ಅಲ್ಲ, ಆ ಫಾಂಟ್ ಇಲ್ಲದಿದ್ರ ಇಂಗ್ಲಿಷ್ ಅಕ್ಷರಕ್ಕ ಕೋಡು ಮೂಡಿದಂಗ ಕಾಣ್ತಾವ. ನುಡಿಯಿಂದ ಯುನಿಕೋಡಿಗಿ ತಿರಗಿಸೋ ಪರಿವರ್ತಕ ಪುಕ್ಕಟೆ ಸಿಗ್ತಾವ. ತಿರಗಿಸಿದ ಮ್ಯಾಲ ಅರ್ಕಾವತ್ತು ಇದ್ದಲ್ಲೆಲ್ಲ ಒಮ್ಮೆ ಕಣ್ಣಾಡಸ್ರಿ. ಹಳೇ ಹಾರ್ಡ್ ಡಿಸ್ಕ್ ತೆಗೀಬ್ಯಾಡ್ರಿ, ಎರಡನೇದಾಗಿ ಇರಲಿ.

ಹಂತಿಹಾಡು (ಹನ್ನೆರಡು ದಿನದ ಮ್ಯಾಲ):

ಜೇವರ್ಗಿ ಮ್ಯಾಲ ಬಸ್ಸಿಗಿ ಕಲಬುರಗಿಗಿ ಹೋಗಿ ತಂದೆ. ಎಸ್‌ಎಸ್‌ಡಿ 2,100, ರ‍್ಯಾಮ್ ಎರಡಕ್ಕ 1,000, ಪೇಸ್ಟ್ 120, ಸೆಲ್ 30. ಮನ್ಯಾಗ ಲೆಕ್ಕ ಒಪ್ಪಿಸಿದೆ, ಪಾಸಾತು.

ಡಬ್ಬಿ ಬಿಚ್ಚಿದ್ರ ಒಂದು ಪಿನ್ ಖರೇನೇ ಎದ್ದಿತ್ತು. ಧೂಳಿನ್ಯಾಗ ಒಂದು ಹಲ್ಲಿ ಎಲಬು ಸಿಕ್ತು, ಎಷ್ಟು ವರ್ಷದ್ದೋ. ಬಾಜೂ ಮನಿ ಹುಡುಗಿ ಪೆನ್‌ಡ್ರೈವ್‌ನಿಂದ ಮಿಂಟ್ ಹಾಕಿಕೊಟ್ಟಳು. ಮೊದಲ ಸಲ ಹಳೇ ವಿಂಡೋಸೇ ಎದ್ದು ಬಂದು ನನ್ನ ಎದಿ ಧಸಕ್ ಅಂತು. ಚಾಲೂ ಆಗೋ ಮುಂದಿನ ಸೆಟ್ಟಿಂಗ್, ಅಂದ್ರ ಬಯೋಸ್‌ನ್ಯಾಗ ಎಸ್‌ಎಸ್‌ಡಿ ಮೊದಲ ಮಾಡಬೇಕಿತ್ತಂತ. ಈಗ ಚಹಾಕ್ಕ ಏಳೋದ್ರೊಳಗ ಚಾಲೂ ಆಗ್ತದ. ಮಧ್ಯಾಹ್ನ ಮೂರು ತಾಸು ಕುಂತೆ, ಬಂದ್ ಆಗ್ಲಿಲ್ಲ.

ಅರ್ಕಾವತ್ತಿನ ಮಾತು ಖರೇ. ನಾಕು ಕಡಿ "ಸೂರ್ಯ" ಹಾದಿ ತಪ್ಪಿದ್ದ, ಕೈಲೇ ತಿದ್ದಿದೆ. ಮುದುಕಿ ಹಾಡು ನಿನ್ನಿ ಮುಗೀತು.

ಹಳೇ 2 ಜಿಬಿ ರ‍್ಯಾಮ್ ಹಂಗೇ ಉಳದದ. ಯಾರಿಗರೇ ಬೇಕಾದ್ರ ಶಹಾಪುರ ಬಸ್‌ಸ್ಟ್ಯಾಂಡಿಗಿ ಬರ್ರಿ, ಪುಕ್ಕಟೆ ಕೊಡ್ತೀನಿ.