ಬಾಸ್ ಡ್ರಮ್ ಬಾರಿಸುವಾಗ ಎಡಗೈ ಸೋಲುತ್ತದೆ: ಬಲ ಬೆಳೆಸಬೇಕೋ, ಹಿಡಿತ ತಿದ್ದಬೇಕೋ?

ಎನ್‌ಸಿಸಿ ಕೆಡೆಟ್, ವಿಜಯಪುರ

ನಾನು ವಿಜಯಪುರದ ಒಂದು ಪದವಿ ಕಾಲೇಜಿನ ಎನ್‌ಸಿಸಿ ಬ್ಯಾಂಡಿನಲ್ಲಿ ಕಳೆದ ವರ್ಷದಿಂದ ಬಾಸ್ ಡ್ರಮ್ ಬಾರಿಸುತ್ತಿದ್ದೇನೆ. ಅದಕ್ಕೂ ಮುಂಚೆ ಎರಡು ವರ್ಷ ಸೈಡ್ ಡ್ರಮ್ (ಚಿಕ್ಕ ಡ್ರಮ್) ಬಾರಿಸಿದ್ದರಿಂದ ಕೈ ಪಳಗಿದೆ ಎಂದುಕೊಂಡಿದ್ದೆ; ದೊಡ್ಡ ಡ್ರಮ್ಮನ್ನು ಎದೆಗೆ ತೂಗಿಕೊಂಡು ನಡೆಯತೊಡಗಿದ ಮೇಲೆ ಎಡಗೈಯ ಬಂಡವಾಳ ಬಯಲಾಯಿತು. ಗೆಳೆಯನೊಬ್ಬ ಮೊಬೈಲಿನಲ್ಲಿ ಚಿತ್ರೀಕರಿಸಿದ್ದನ್ನು ಕೇಳಿದರೆ ಬಲಗೈಯ ಪೆಟ್ಟು ‘ಧಮ್’ ಎಂದು ತುಂಬಿ ಬರುತ್ತದೆ, ಎಡಗೈಯದು ‘ಧುಪ್’ ಎಂದು ಅಲ್ಲಿಯೇ ಅಡಗುತ್ತದೆ, ಅದೂ ಕೂದಲೆಳೆಯಷ್ಟು ತಡವಾಗಿ. ಮೈದಾನದ ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಎಡ ಮುಂಗೈ ಕಟ್ಟಿಗೆಯಂತೆ ಬಿರುಸಾಗಿರುತ್ತದೆ.

ಎರಡು ತಿಂಗಳು ಎಡಗೈಯಿಂದ ಡಂಬೆಲ್ ಎತ್ತಿದೆ. ತೋಳು ತುಸು ದಪ್ಪಗಾಯಿತೇ ಹೊರತು ನಾದದಲ್ಲಿ ಬದಲಾವಣೆಯಿಲ್ಲ. ‘ಎಡಗೈಗೆ ಒತ್ತು ಕೊಡು’ ಎಂದು ಎಲ್ಲರೂ ಹೇಳುತ್ತಾರೆ, ಹೇಗೆಂದು ಯಾರೂ ಹೇಳುವುದಿಲ್ಲ. ಜನವರಿ 26ರ ಪಥಸಂಚಲನಕ್ಕೆ ಎರಡೂವರೆ ತಿಂಗಳು ಉಳಿದಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ನಿವೃತ್ತ ಸೇನಾ ಬ್ಯಾಂಡ್ ವಾದಕ, ಬೆಳಗಾವಿ

ತಮ್ಮಾ, ಮೊದಲು ಲೆಕ್ಕ ಮಾಡೋಣ. ತೇಜ್ ಚಲ್‌ನ, ಅಂದರೆ ಪಥಸಂಚಲನದ ಚುರುಕು ನಡಿಗೆಯ, ವೇಗ ನಿಮಿಷಕ್ಕೆ 120 ಹೆಜ್ಜೆ. ಹೆಜ್ಜೆಗೊಂದು ಪೆಟ್ಟಿನಂತೆ ಕೈ ಬದಲಿಸುತ್ತ ಬಾರಿಸಿದರೆ ನಿನ್ನ ಎಡಗೈಗೆ ಬರುವುದು ನಿಮಿಷಕ್ಕೆ 60 ಪೆಟ್ಟು ಮಾತ್ರ, ಅಂದರೆ ಸೆಕೆಂಡಿಗೊಂದು. ಹೆಜ್ಜೆಗೆ ನಾಲ್ಕರಂತೆ ಬಾರಿಸುವ ತುಂಡು ಬಂದಾಗ ಅದು 240ಕ್ಕೆ ಏರುತ್ತದೆ, ಅಂದರೆ ಸೆಕೆಂಡಿಗೆ ನಾಲ್ಕು. ಇಂತಹ ಕೆಲಸಕ್ಕೆ ಬೇಕಾದದ್ದು ಭಾರ ಎತ್ತುವ ಬಲವಲ್ಲ. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಸ್ನಾಯು ಸಡಿಲಗೊಳ್ಳಬೇಕು. ಮುಂಗೈ ಕಟ್ಟಿಗೆಯಾಗುತ್ತಿದೆ ಎಂದರೆ ನೀನು ಕೋಲನ್ನು ಹಿಡಿದ ಹಿಡಿತವನ್ನು ಬಿಡುತ್ತಲೇ ಇಲ್ಲ ಎಂದು ಅರ್ಥ. ‘ಧುಪ್’ ಎಂಬ ಸದ್ದಿಗೂ ಕಾರಣ ಅದೇ: ಬಿಗಿ ಹಿಡಿದ ಕೋಲು ಡ್ರಮ್ಮಿನ ಮುಖಕ್ಕೆ ತಾಗಿದ ಮೇಲೆ ಹಿಂದೆ ಪುಟಿಯದೆ ಅಲ್ಲಿಯೇ ಒತ್ತಿ ನಿಲ್ಲುತ್ತದೆ, ಕಂಪನವನ್ನು ತಾನೇ ನುಂಗುತ್ತದೆ.

ಇನ್ನೊಂದು ಸಂಗತಿಯನ್ನು ಸೈಡ್ ಡ್ರಮ್ಮಿನಿಂದ ಬಂದವರು ಮರೆಯುತ್ತಾರೆ. ಅಲ್ಲಿ ಕೋಲು ಮೇಲಿನಿಂದ ಕೆಳಗೆ ಬೀಳುತ್ತದೆ, ಆದ್ದರಿಂದ ಅರ್ಧ ಕೆಲಸವನ್ನು ಅದರ ತೂಕವೇ ಮಾಡಿಕೊಡುತ್ತದೆ. ಬಾಸ್ ಡ್ರಮ್ಮಿನ ಮುಖಗಳು ನೆಟ್ಟಗೆ ನಿಂತಿರುತ್ತವೆ. ಕೋಲನ್ನು ಪಕ್ಕದಿಂದ ಒಳಕ್ಕೆ ತರಬೇಕು, ಅದೂ ಬೀಗದ ಕೈ ತಿರುಗಿಸಿದಂತೆ ಮುಂಗೈಯನ್ನು ಹೊರಳಿಸಿ. ಎಡಗೈಯಲ್ಲಿ ಈ ಹೊರಳಿಕೆ ಕಲಿಯದವರು ಭುಜದಿಂದ ಹೊಡೆಯುತ್ತಾರೆ, ಭುಜ ಬೇಗ ದಣಿಯುತ್ತದೆ, ಪೆಟ್ಟು ತಡವಾಗುತ್ತದೆ.

ಅಭ್ಯಾಸಕ್ಕೆ ಮುಂಚೆ ಎರಡು ಪರೀಕ್ಷೆ ಮಾಡು. ಒಂದು: ಡ್ರಮ್ ತೂಗಿಕೊಂಡು ಕನ್ನಡಿಯ ಮುಂದೆ ನಿಂತು ಎರಡೂ ಮೊಣಕೈಗಳು ಒಂದೇ ಎತ್ತರದಲ್ಲಿವೆಯೇ ನೋಡು. ಬೆಲ್ಟು ಒಂದು ತೂತಿನಷ್ಟು ಹೆಚ್ಚು ಕಡಿಮೆಯಾದರೂ ಡ್ರಮ್ಮು ಒಂದು ಬದಿಗೆ ವಾಲುತ್ತದೆ, ಆ ಬದಿಯ ಮಣಿಕಟ್ಟು ಸೊಟ್ಟಾಗಿ ಕೆಲಸ ಮಾಡಬೇಕಾಗುತ್ತದೆ. ಎರಡು: ಎರಡೂ ಕೋಲುಗಳ ತಲೆಗೆ ಸೀಮೆಸುಣ್ಣದ ಪುಡಿ ಸವರಿ, ಕಣ್ಣು ಮುಚ್ಚಿ ಒಂದೊಂದು ಕೈಯಿಂದಲೂ 32 ಪೆಟ್ಟು ಹೊಡೆ. ಆಮೇಲೆ ಡ್ರಮ್ಮನ್ನು ಇಳಿಸಿ ಎರಡೂ ಮುಖಗಳನ್ನು ನೋಡು. ಬಲಮುಖದಲ್ಲಿ ನಡುವೆ ಒಂದು ರೊಟ್ಟಿಯಷ್ಟು ಬಿಳಿ ಮಚ್ಚೆ ಇರುತ್ತದೆ, ಎಡಮುಖದಲ್ಲಿ ಸುಣ್ಣ ಚೆಲ್ಲಿದಂತೆ ಹರಡಿರುತ್ತದೆ. ನನ್ನದೂ ಒಂದು ಕಾಲಕ್ಕೆ ಹಾಗೆಯೇ ಇತ್ತು.

ಅಭ್ಯಾಸ ಹೀಗಿರಲಿ: ಮೆಟ್ರೊನೋಮನ್ನು (ಸಮನಾಗಿ ತಾಳ ಹಾಕುವ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟು, ತಾಳಕ್ಕೆ ಎರಡರಂತೆ ಬಲಗೈಯಲ್ಲಿ ಎಂಟು ಪೆಟ್ಟು, ಎಡಗೈಯಲ್ಲಿ ಎಂಟು ಪೆಟ್ಟು. ಪ್ರತಿ ಪೆಟ್ಟಿಗೂ ಕೋಲು ಮುಖದಿಂದ ಒಂದು ಗೇಣು ದೂರ ಹೋಗಬೇಕು, ಗೇಣಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಒಂದು ವಾರದ ಬಳಿಕ ಬಲಕ್ಕೆ ಎಂಟು, ಎಡಕ್ಕೆ ಹದಿನಾರು ಮಾಡು. ಎಂಟನೆಯ ಪೆಟ್ಟಿನ ನಾದ ಮೊದಲನೆಯದರಂತೆಯೇ ಇದ್ದರೆ ಮಾತ್ರ ವೇಗವನ್ನು ನಾಲ್ಕು ಏರಿಸು. ಆಮೇಲೆ ಅದೇ ಪಾಠವನ್ನು ನಾಲ್ಕು ಬೆರಳಿನ ಎತ್ತರದಲ್ಲಿ ಮೆಲ್ಲಗೆ ಬಾರಿಸು. ಎಡಗೈಯ ನಿಜವಾದ ಪರೀಕ್ಷೆ ಜೋರಾದ ಪೆಟ್ಟಿನಲ್ಲಿಲ್ಲ, ಮೆಲ್ಲನೆಯ ಪೆಟ್ಟಿನಲ್ಲಿದೆ. ಡ್ರಮ್ಮು ಕಾಲೇಜಿನಲ್ಲೇ ಇರುತ್ತದೆ ಎಂದಾದರೆ ಮನೆಯಲ್ಲಿ ಕೌದಿಯನ್ನು ಮಡಚಿ ಎದೆಯೆತ್ತರಕ್ಕೆ ಕಂಬಕ್ಕೆ ಕಟ್ಟಿ ಅದರ ಮೇಲೆ ಬಾರಿಸಬಹುದು.

ಹಲಗೆ ಬಾರಿಸುವವ, ಬಾಗಲಕೋಟೆ

ಹಿರಿಯರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ, ಕೌದಿಯ ವಿಷಯ ಒಂದನ್ನು ಬಿಟ್ಟು. ಕೌದಿ ಪುಟಿಯುವುದಿಲ್ಲ. ಪುಟಿಯದ ವಸ್ತುವಿನ ಮೇಲೆ ಗಂಟೆಗಟ್ಟಲೆ ಬಾರಿಸಿದರೆ ಕೋಲನ್ನು ಪ್ರತಿ ಸಲವೂ ತಾನೇ ಎಳೆದುಕೊಳ್ಳುವ ಚಾಳಿ ಬೀಳುತ್ತದೆ, ಇವರ ತೊಂದರೆಯೇ ಬಿಗಿ ಹಿಡಿತವಾಗಿರುವಾಗ ಅದು ಹುಣ್ಣಿನ ಮೇಲೆ ಬರೆ ಎಳೆದಂತೆ. ದಿನಕ್ಕೆ ಐದು ನಿಮಿಷ ಸಾಕು, ಆಮೇಲೆ ಡ್ರಮ್ಮಿನ ಮೇಲೆಯೇ ಬಾರಿಸಿ ಹಿಡಿತವನ್ನು ಸಡಿಲಿಸಿಕೊಳ್ಳಬೇಕು. ಅಭ್ಯಾಸಕ್ಕೆ ಬಳಸುವ ರಬ್ಬರಿನ ಪ್ಯಾಡಿನದು ಇದಕ್ಕೆ ತದ್ವಿರುದ್ಧವಾದ ಮೋಸ: ದೊಡ್ಡ ಡ್ರಮ್ಮಿಗಿಂತ ಬಹಳ ಹೆಚ್ಚು ಪುಟಿಯುವುದರಿಂದ ಅದರ ಮೇಲೆ ಎಲ್ಲರ ಎಡಗೈಯೂ ಜಾಣ ಕೈಯೇ.

ನಾನು ಬಾಸ್ ಡ್ರಮ್ ಬಾರಿಸಿದವನಲ್ಲ. ಆದರೆ ನಮ್ಮೂರ ಹೋಳಿಯಲ್ಲಿ ದಿನಗಟ್ಟಲೆ ಹಲಗೆ ಬಾರಿಸಿದ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಹಲಗೆಯಲ್ಲಿ ಬಲಗೈಯ ಗಿಡ್ಡ ದಪ್ಪ ಕೋಲು ಹೊಡೆಯುತ್ತದೆ. ಎಡಗೈ ಹಲಗೆಯನ್ನು ಆನಿಸಿ ಹಿಡಿದುಕೊಂಡೇ ತೆಳುವಾದ ಸಿಬಿರಿನಿಂದ ನಡುನಡುವೆ ತುಂಬುತ್ತದೆ. ಅಲ್ಲಿ ಎಡಗೈ ಎಂದೂ ಮಾತು ಆರಂಭಿಸುವುದಿಲ್ಲ, ಬಲಗೈಯ ಮಾತಿಗೆ ಹ್ಞೂಂಗುಟ್ಟುತ್ತದೆ, ಅಷ್ಟೇ. ಬ್ಯಾಂಡಿನಲ್ಲಿಯೂ ಮುಖ್ಯ ಪೆಟ್ಟು ಸದಾ ಬಲಗೈಗೆ ಬರುತ್ತಿದ್ದರೆ ಎಡಗೈ ತಡವಾಗುವುದು ಸಹಜ, ಏಕೆಂದರೆ ಅದು ಬಲಗೈಯನ್ನು ಕೇಳಿಸಿಕೊಂಡು ಆಮೇಲೆ ಹೊರಡುತ್ತಿದೆ. ಆದ್ದರಿಂದ ಒಂದು ತಿಂಗಳು ಪ್ರತಿಯೊಂದು ಪಾಠವನ್ನೂ ಎಡಗೈಯಿಂದ ಆರಂಭಿಸಿ. ಪ್ಯಾರಾಡಿಡಲ್ ಎಂಬ ಡ್ರಮ್ ಪಾಠ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂದು ನಡೆಯುತ್ತದಲ್ಲ, ಅದನ್ನು ಎಡಗೈಯ ಸರದಿಯಿಂದ ಹಿಡಿಯಿರಿ. ಮೊದಲ ವಾರ ಹುಚ್ಚು ಹಿಡಿದಂತಾಗುತ್ತದೆ.

ಶಾಲಾ ಬ್ಯಾಂಡ್ ಶಿಕ್ಷಕಿ, ಗೋಕಾಕ

ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಸೈಡ್ ಡ್ರಮ್ ಬಾರಿಸುತ್ತಿದ್ದಾಗ ನಿಮ್ಮ ಎಡ ಅಂಗೈ ಮೇಲ್ಮುಖವಾಗಿ ಇರುತ್ತಿತ್ತೇ? ಡ್ರಮ್ಮನ್ನು ಓರೆಯಾಗಿ ತೂಗಿಕೊಂಡು ಬಾರಿಸುವ ಹಳೆಯ ಪದ್ಧತಿಯಲ್ಲಿ ಎಡಗೈಯ ಕೋಲು ಹೆಬ್ಬೆರಳಿನ ಬುಡದಲ್ಲಿ ಕೂತು ಬೆರಳುಗಳ ನಡುವಿನಿಂದ ಹೊರಬರುತ್ತದೆ, ಬಲಗೈಯದು ಸುತ್ತಿಗೆ ಹಿಡಿದಂತೆ. ಹಾಗಿದ್ದರೆ ಎರಡು ವರ್ಷದಲ್ಲಿ ನಿಮ್ಮ ಬಲಗೈ ಕಲಿತದ್ದು ಬಾಸ್ ಡ್ರಮ್ಮಿಗೆ ಕೆಲಸಕ್ಕೆ ಬಂತು, ಎಡಗೈ ಕಲಿತದ್ದು ಬಹುಪಾಲು ಬರಲಿಲ್ಲ. ಬಾಸ್ ಡ್ರಮ್ಮಿನಲ್ಲಿ ಎಡಗೈ ಬಲಗೈಯ ಕನ್ನಡಿ ಪ್ರತಿಬಿಂಬವಾಗಬೇಕು. ಅದು ದುರ್ಬಲ ಕೈಯಲ್ಲ, ಹೊಸ ವಿದ್ಯಾರ್ಥಿ.

ನನ್ನ ಹುಡುಗಿಯರಿಗೆ ನಾನು ರೊಟ್ಟಿ ಬಡಿಯುವುದನ್ನು ತೋರಿಸುತ್ತೇನೆ. ಬಡಿಯುವ ಕೈ ಒಂದಾದರೆ, ರೊಟ್ಟಿಯನ್ನು ಹರಿಯದಂತೆ ಸುತ್ತ ತಿರುಗಿಸುವ ಕೈ ಇನ್ನೊಂದು. ಆ ಎಡಗೈಯಲ್ಲಿ ನಯವಿಲ್ಲ ಎಂದು ಯಾರು ಹೇಳುತ್ತಾರೆ? ಬಡಿಯುವ ಕೆಲಸ ಅದಕ್ಕೆ ಬಂದಿಲ್ಲ, ಅಷ್ಟೇ. ವಾರಕ್ಕೆ ಒಂದೆರಡು ರೊಟ್ಟಿಯನ್ನು ಕೈ ಬದಲಿಸಿ ಬಡಿಯಿರಿ ಎಂದಾಗ ಅವರ ಮನೆಯವರು ಬೈದದ್ದೂ ಉಂಟು.

ಮುಂಗೈಯ ಮಾಂಸಖಂಡದಲ್ಲಿ ದಣಿವು ಕಂಡರೆ ಸ್ವಲ್ಪ ನಿಂತು ಮುಂದುವರಿಸಬಹುದು. ಮಣಿಕಟ್ಟಿನ ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಅಥವಾ ಬೆರಳು ಜೋಮು ಹಿಡಿದರೆ ಆ ದಿನದ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು. ಮರುದಿನವೂ ಹಾಗೆಯೇ ಇದ್ದರೆ ವೈದ್ಯರಿಗೆ ತೋರಿಸಬೇಕು.

ಎನ್‌ಸಿಸಿ ಕೆಡೆಟ್, ವಿಜಯಪುರ

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಅಕ್ಕಾ, ನೀವು ಊಹಿಸಿದ್ದು ಸರಿ, ನನ್ನ ಎಡ ಅಂಗೈ ಮೇಲ್ಮುಖವಾಗಿಯೇ ಇರುತ್ತಿತ್ತು. ಸೀಮೆಸುಣ್ಣದ ಪರೀಕ್ಷೆಯಲ್ಲಿ ಎಡಮುಖದ ಮಚ್ಚೆಗಳು ನಡುವನ್ನು ಬಿಟ್ಟು ಬಹುತೇಕ ಎಲ್ಲವೂ ಕೆಳಗಡೆ, ಅಂಚಿನ ಹತ್ತಿರ ಬಿದ್ದಿದ್ದವು. ಬೆಲ್ಟನ್ನು ಒಂದು ತೂತು ಬದಲಿಸಿದ್ದಕ್ಕೇ ಅರ್ಧ ಸರಿಹೋಯಿತು. ಈಗ 76ರ ವೇಗದಲ್ಲಿ ಎಡಗೈಯ ಹದಿನಾರು ಪೆಟ್ಟು ಒಂದೇ ನಾದದಲ್ಲಿ ಬರುತ್ತವೆ. ಎಡದಿಂದ ಆರಂಭಿಸುವ ಪ್ಯಾರಾಡಿಡಲ್ ಇನ್ನೂ ತೊದಲುತ್ತದೆ. ನಿಂತು ಬಾರಿಸುವಾಗ ಸರಿಯಿರುವುದು ನಡೆಯತೊಡಗಿದ ಕೂಡಲೇ ಮತ್ತೆ ಕೆಡುತ್ತದೆ, ಎಡಗಾಲು ಊರುವಾಗಲೇ ಎಡಗೈ ಹೊಡೆಯಬೇಕಾದ ಕಡೆ ವಿಶೇಷವಾಗಿ. ಇದಕ್ಕೇನು ಮಾಡಲಿ?

ನಿವೃತ್ತ ಸೇನಾ ಬ್ಯಾಂಡ್ ವಾದಕ, ಬೆಳಗಾವಿ

ನಡೆಯುವಾಗ ಎಡಗಾಲು ಮುಂದೆ ಹೋದರೆ ಬಲಗೈ ಮುಂದೆ ಬರುವುದು ದೇಹದ ರೂಢಿ, ಅದಕ್ಕೆ ಎದುರಾಗಿ ಕೆಲಸ ಮಾಡಿಸುತ್ತಿರುವುದರಿಂದ ಕೆಡುತ್ತದೆ. ಡ್ರಮ್ಮನ್ನು ಕೆಳಗಿಟ್ಟು, ಕದಂ ತಾಲ್ ಮಾಡುತ್ತ, ಅಂದರೆ ನಿಂತಲ್ಲಿಯೇ ಹೆಜ್ಜೆ ಹಾಕುತ್ತ, ಎಡಗಾಲಿಗೆ ಎಡಗೈಯಿಂದ, ಬಲಗಾಲಿಗೆ ಬಲಗೈಯಿಂದ ತೊಡೆಯ ಪಕ್ಕಕ್ಕೆ ತಟ್ಟು; 16 ಹೆಜ್ಜೆಯ ಬಳಿಕ ಕಾಲು ನಿಲ್ಲಿಸದೆ ಕೈಗಳನ್ನು ಅದಲು ಬದಲು ಮಾಡು. ಅದಲು ಬದಲು ಮಾಡುವ ಗಳಿಗೆಯಲ್ಲಿ ಹೆಜ್ಜೆ ತಪ್ಪದಂತಾದ ಮೇಲೆ ಡ್ರಮ್ಮು ಎತ್ತಿಕೊ. ಕೌದಿಯ ವಿಷಯದಲ್ಲಿ ಬಾಗಲಕೋಟೆಯವರು ಹೇಳಿದ್ದೇ ಸರಿ, ಐದು ನಿಮಿಷಕ್ಕಿಂತ ಹೆಚ್ಚು ಬೇಡ.