ವಕೀಲಿಕೆಯ ಜೊತೆಗೆ ಸೈಬರ್ ಕಾನೂನು ಓದಬೇಕು: ಡಿಪ್ಲೊಮಾ ಸಾಕೇ, ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಬೇಕೇ?

ಕೊಪ್ಪಳದ ವಕೀಲೆ:
ಹಿರಿಯರಿಗೆ ನಮಸ್ಕಾರ. ಈಗ ಜಮೀನಿನ ವ್ಯಾಜ್ಯವಿರಲಿ, ಜೀವನಾಂಶದ ಅರ್ಜಿಯಿರಲಿ, ಕಕ್ಷಿದಾರರು ಕಾಗದಪತ್ರಕ್ಕಿಂತ ಮೊದಲು ಮೇಜಿನ ಮೇಲೆ ಇಡುವುದು ಮೊಬೈಲನ್ನು. ಗಂಗಾವತಿಯ ಭತ್ತದ ದಲಾಲಿ ಅಂಗಡಿಯವರೊಬ್ಬರ ಚೆಕ್ ಪ್ರಕರಣದಲ್ಲಿ ಸಾಲದ ಮಾತುಕತೆಯೆಲ್ಲ ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳಲ್ಲೇ ಇದೆ. ಎದುರು ವಕೀಲರು ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಎಲ್ಲಿ ಎಂದು ಆಕ್ಷೇಪಿಸಿದ್ದಾರೆ. ಅದರ ‘ಎ’ ಭಾಗವನ್ನು ಕಕ್ಷಿದಾರರೇ ಕೊಡಬಹುದು. ‘ಬಿ’ ಭಾಗಕ್ಕೆ ತಜ್ಞರ ಸಹಿ ಬೇಕು, ಕಡತದ ಡಿಜಿಟಲ್ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಇದನ್ನು ಬಿಡಿಸಿ ಹೇಳುವವರು ನನಗೆ ಇಲ್ಲಿ ಸಿಗಲಿಲ್ಲ. ಬುಡದಿಂದ ಕಲಿಯುವ ಹಟ ಬಂದಿದೆ. ಆದರೆ ಅತ್ತೆಯವರಿಗೆ ಡಯಾಲಿಸಿಸ್ ನಡೆಯುತ್ತಿದೆ, ಊರು ಬಿಡಲಾರೆ. ಏನು ಓದಲಿ?

ಬಳ್ಳಾರಿಯ ಹಿರಿಯ ವಕೀಲ:
ತಂಗಿ, ನಿಮ್ಮ ಅಗತ್ಯ ನ್ಯಾಯಾಲಯದ್ದು. ಡಿಪ್ಲೊಮಾ ಮಾಡಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸೈಬರ್ ಕಾನೂನು ಮತ್ತು ಸೈಬರ್ ವಿಧಿವಿಜ್ಞಾನದ (ಫೊರೆನ್ಸಿಕ್ಸ್) ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ, ದೂರಶಿಕ್ಷಣದಲ್ಲಿ ಓದಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಮುಗಳನ್ನು ನೀವೇ ಓದಿಕೊಳ್ಳಬಲ್ಲಿರಿ; ವಿಧಿವಿಜ್ಞಾನದ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಹ್ಯಾಶ್ ಮೌಲ್ಯ ಪೂರ್ತಿ ಬೇರೆಯಾಗುತ್ತದೆ. ಪಾಟೀಸವಾಲಿನಲ್ಲಿ ನಿಲ್ಲಬೇಕಾದರೆ ಇದು ಕರಗತವಾಗಿರಬೇಕು. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2020ರ ತೀರ್ಪನ್ನು ಈ ವಾರವೇ ಓದಿ. ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಕುರಿತದ್ದಾದರೂ ಪ್ರಮಾಣಪತ್ರ ಏಕೆ ಕಡ್ಡಾಯ, ಮೂಲ ಸಾಧನವನ್ನೇ ಹಾಜರುಪಡಿಸಿದರೆ ಏನು ಎಂಬುದೆಲ್ಲ ಅಲ್ಲಿದೆ. ಅಂಗಡಿಯವರಿಗೆ ಆ ಮೊಬೈಲನ್ನು ಮಾರಬೇಡಿ, ಸಂದೇಶ ಅಳಿಸಬೇಡಿ ಎಂದು ಇಂದೇ ಹೇಳಿ.

ರಾಯಚೂರಿನ ಕಾನೂನು ಉಪನ್ಯಾಸಕಿ:
ಹಿರಿಯರ ಮಾತಿಗೆ ಅರ್ಧ ಮಾತ್ರ ಒಪ್ಪಿಗೆ. ಮುಂದೆ ಪಾಠ ಮಾಡುವ ಆಸೆಯಿದ್ದರೆ ಡಿಪ್ಲೊಮಾ ನಡೆಯುವುದಿಲ್ಲ. ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಜೊತೆಗೆ ನೆಟ್ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌.ಡಿ. ಕೇಳುತ್ತಾರೆ. ನಮ್ಮ ಭಾಗದ ಹೆಣ್ಣುಮಕ್ಕಳು ಈ ವಿಷಯವನ್ನು ತರಗತಿಯಲ್ಲಿ ಕಲಿಸಬೇಕೆಂಬುದು ನನ್ನ ಆಸೆ. ಆದರೆ ಮನೆಯಲ್ಲೇ ಕುಳಿತು ಎಲ್‌ಎಲ್‌ಎಂ ಮುಗಿಸಿ ಎನ್ನುವ ಜಾಹೀರಾತು ಕಂಡರೆ ಹಣ ಕಟ್ಟುವ ಮೊದಲು ಭಾರತೀಯ ವಕೀಲರ ಪರಿಷತ್ತಿನ ಅನುಮೋದನೆ ಇದೆಯೇ ಎಂದು ಬರಹದಲ್ಲೇ ಕೇಳಿ.

ಕೊಪ್ಪಳದ ವಕೀಲೆ:
ಇಬ್ಬರಿಗೂ ಧನ್ಯವಾದ. ಅಂಗಡಿಯವರಿಗೆ ಈಗಷ್ಟೇ ಫೋನ್ ಮಾಡಿದೆ, ಮೊಬೈಲ್ ಅವರ ಬಳಿಯೇ ಇದೆ. ಡಿಪ್ಲೊಮಾಕ್ಕೆ ಅರ್ಜಿ ಹಾಕುತ್ತೇನೆ. ಅಕ್ಕಾ, ಅತ್ತೆಯವರು ಚೇತರಿಸಿಕೊಂಡ ಮೇಲೆ ಎಲ್‌ಎಲ್‌ಎಂ ವಿಚಾರವಾಗಿ ನಿಮ್ಮನ್ನೇ ಕೇಳುತ್ತೇನೆ.